ಸಿಂಕಿನ ಕೆಳಗಿನ ತಂಬಿಗೆ

ನನ್ನ ಅತ್ತೆಯ ಬಲಗೈ ಬೆರಳುಗಳ ಹಿಂಬದಿ ಬಣ್ಣಗೆಟ್ಟು ಬೆಳ್ಳಗಾಗಿತ್ತು. ಗದಗಿನ ಹತ್ತಿರದ ಸರಕಾರಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು ಅವರು. ಸ್ಪಿರಿಟ್ಟು, ಫಿನಾಯಿಲು ಸೇರಿ ಆ ಚರ್ಮವನ್ನು ಹಾಗೆ ತಿಂದುಹಾಕಿದ್ದವು. ಆ ಬೆರಳ ಬೆನ್ನಿನಿಂದಲೇ ಅವರು ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದರು. ಮಕ್ಕಳ ಹಣೆ, ಕಾಯಿಸಿಟ್ಟ ಹಾಲಿನ ಪಾತ್ರೆ, ರೊಟ್ಟಿಯ ಹಂಚಿನ ಅಂಚು, ಎಲ್ಲವನ್ನೂ. ಯಾಕೆಂದು ಕೇಳಿದರೆ, “ಅಂಗೈ ಸುಳ್ಳ ಹೇಳತೈತವಾ. ಅದಕ್ಕ ತನ್ನದ ಒಂದು ಬಿಸಿ ಇರತೈತಿ” ಅನ್ನುತ್ತಿದ್ದರು.

ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ನಿಂತಿದ್ದ, ಗಾಡಿಗೆ ಕಟ್ಟಿ ಎಳೆದೊಯ್ಯುವ ಮನೆಯಂಥ ಹಳೆಯ ಕ್ಯಾರವಾನನ್ನೂ ಅವರು ಮೊದಲು ಮುಟ್ಟಿದ್ದು ಹಾಗೆಯೇ. ಅದರ ತಗಡಿನ ಮೈಮೇಲೆ ಬೆರಳ ಬೆನ್ನನ್ನಿಟ್ಟು ಒಂದು ಸುತ್ತು ಬಂದು, ಕಿಟಕಿಯ ಕೆಳಗೊಂದು ಕಡೆ ನಿಂತು, “ಇಲ್ಲೆ ಒಳಗ ತಂಪ ಹಿಡದೈತಿ” ಎಂದರು. ಆಗ ಅವರ ಮಗ, ಅಂದರೆ ನನ್ನ ಗಂಡ, ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ.

ಆ ಕ್ಯಾರವಾನನ್ನು ಅವನು ಕೊಂಡದ್ದೇ ತಾಯಿಗಾಗಿ. ಅಮ್ಮ ಬಂದಾಗ ದಕ್ಷಿಣದ ಸರೋವರಗಳ ಕಡೆ ಸುತ್ತಿಸಬೇಕು, ಹಿಮದ ಬೆಟ್ಟ ತೋರಿಸಬೇಕು ಎಂದು ಪ್ರತಿ ಶನಿವಾರ ಭಾನುವಾರ ಅದರೊಳಗೆ ಸೇರಿಕೊಂಡು ಏನಾದರೊಂದನ್ನು ಬಿಚ್ಚುತ್ತ, ಜೋಡಿಸುತ್ತ ಇರುತ್ತಿದ್ದ. ಅಮ್ಮನ ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಒಂದು ಬೆಳಗ್ಗೆ, ಕೆಲಸಕ್ಕೆ ಹೋದವನು ಅಲ್ಲೇ ಕುಸಿದು ಬಿದ್ದ. ಮತ್ತೆ ಏಳಲಿಲ್ಲ. ಅತ್ತೆ ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಿಸಿಕೊಂಡು ಬಂದರು. ಮಗನ ಕಾರ್ಯಗಳು ಮುಗಿದ ಮೇಲೂ ಹಿಂತಿರುಗಲಿಲ್ಲ. “ವೀಸಾ ಇರೋತನಾ ಇರ್ತೀನಿ. ನಿನ್ನ ನಿದ್ದಿ ಸರಿ ಆಗಲಿ” ಎಂದರು.

ನನ್ನ ನಿದ್ದೆ ಕೆಟ್ಟಿದ್ದಕ್ಕೆ ಕಾರಣ ಆ ಕ್ಯಾರವಾನೇ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಗೋದಾಮಿನ ಕಚೇರಿಯಿಂದ ಸಂಜೆ ಮನೆಗೆ ಬಂದವಳು ಮೊದಲು ಅದರೊಳಗೆ ಹೋಗಿ ಕೂರುತ್ತಿದ್ದೆ. ಅವನ ಜಾಕೆಟ್ಟು ಅಲ್ಲಿ ಕೊಕ್ಕೆಗೆ ತೂಗುತ್ತಿತ್ತು. ಹೀಟರ್ ಹಾಕಿದರೆ, ತಲೆಯ ಮೇಲಿನ ದೀಪ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಮಂಕು, ಬೆಳಕು, ಮಂಕು, ಬೆಳಕು. ಯಾರೋ ಉಸಿರಾಡಿದ ಹಾಗೆ. ಊಟದ ಮೇಜಿನ ಹಿಂದೆ, ಅವನು ಯಾವಾಗಲೂ ಒರಗಿ ಕೂರುತ್ತಿದ್ದ ಗೋಡೆಯ ಮೇಲೆ, ತೇವದ ಕಲೆಯೊಂದು ಮೂಡಿತ್ತು. ಮೇಲೊಂದು ಗುಂಡಗಿನ ತಲೆ, ಕೆಳಗೆ ಇಳಿದ ಎರಡು ಹೆಗಲು. ಮಳೆ ಬಂದಾಗಲೆಲ್ಲ ಅದು ಇನ್ನಷ್ಟು ಕಪ್ಪಾಗುತ್ತಿತ್ತು. ನಾನು ಅದರ ಎದುರಿಗೆ ಕೂತು ಆ ದಿನ ಆಫೀಸಿನಲ್ಲಾದದ್ದನ್ನೆಲ್ಲ ಹೇಳುತ್ತಿದ್ದೆ.

ಇಂಜಿನಿಯರಿಂಗ್ ಓದಿದವಳು ನಾನು. ಆದರೂ ಆ ದೀಪ ಯಾಕೆ ಹಾಗಾಗುತ್ತದೆ ಎಂದು ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಅತ್ತೆ ಒಂದು ಸಂಜೆ ಬಾಗಿಲಲ್ಲಿ ನಿಂತು ನನ್ನ ಮಾತು ಕೇಳಿಸಿಕೊಂಡರು. ಬೈಯಲಿಲ್ಲ, ಅಳಲೂ ಇಲ್ಲ. ಒಳಗೆ ಬಂದು ಗೋಡೆಯ ಕಲೆಯನ್ನು ಬಹಳ ಹೊತ್ತು ನೋಡಿದರು.

“ಮನಷ್ಯಾ ಕುಂತಂಗ ಕಾಣತೈತಿ,” ಎಂದರು. “ಖರೇನ ಹಂಗ ಕಾಣತೈತಿ. ಯಾವಾಗಿಂದ ಐತಿದು?”

“ಅವನು ಹೋದಮೇಲೆ, ಅತ್ತೆ.”

“ಅವ ಹೋದಮ್ಯಾಲೆ ಬಂತೋ, ಅವ ಹೋದಮ್ಯಾಲೆ ನೀ ನೋಡಿದೆಯೋ?”

ಅವರ ರೀತಿಯೇ ಅದು. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ಎಲ್ಲರಿಗೂ, ಎಲ್ಲದಕ್ಕೂ ಕೇಳುತ್ತಿದ್ದರು. ಯಾವಾಗಿಂದ? ಎಷ್ಟೊತ್ತಿಗೊಮ್ಮೆ? ಅದಕ್ಕೆ ಮೊದಲು ಏನಾಗಿತ್ತು? ಮಿಕ್ಸಿ ಕೆಟ್ಟರೂ ಅದೇ ಪ್ರಶ್ನೆ, ನೆಂಟರ ನಡುವೆ ಮಾತು ಬಿಟ್ಟುಹೋದರೂ ಅದೇ ಪ್ರಶ್ನೆ.

ಅವರ ಆಸ್ಪತ್ರೆಯಲ್ಲಿ ಒಮ್ಮೆ ಖಾಲಿ ವಾರ್ಡಿನ ಮೂಲೆಯ ಮಂಚದಿಂದ ಕರೆಗಂಟೆ ತಾನಾಗಿ ಬಾರಿಸತೊಡಗಿತ್ತಂತೆ. ಆ ಮಂಚದಲ್ಲಿ ಹಿಂದಿನ ವಾರ ಬಾಣಂತಿಯೊಬ್ಬಳು ಸತ್ತಿದ್ದಳು. ಆಯಾಗಳು ಆ ಕಡೆ ಕಸ ಗುಡಿಸುವುದನ್ನೂ ಬಿಟ್ಟರು. ಅತ್ತೆ ಮಟಮಟ ಮಧ್ಯಾಹ್ನ ಹೋಗಿ ಆ ಮಂಚದ ಮೇಲೆಯೇ ಕೂತರು. ಗಂಟೆ ಬಾರಿಸಿತು. ಗುಂಡಿಯ ಡಬ್ಬಿ ಬಿಚ್ಚಿದರೆ ಒಳಗೊಂದು ಹಲ್ಲಿ, ತಂತಿಗಳ ನಡುವೆ ಸಿಕ್ಕಿಕೊಂಡು ಬಾಲ ಬಡಿಯುತ್ತಿತ್ತು. “ಅದೂ ಪಾಪ ಯಾರನ್ನರೆ ಕರೀಲಿಕ್ಕ ಹತ್ತಿತ್ತು” ಎಂದು ಆ ಕತೆಯನ್ನು ಮುಗಿಸುತ್ತಿದ್ದರು.

ಕ್ಯಾರವಾನನ್ನು ಕೊಳ್ಳುತ್ತೇವೆಂದು ನನ್ನ ಸಹೋದ್ಯೋಗಿಯೊಬ್ಬಳ ಅಪ್ಪ ಅಮ್ಮ ಮುಂದೆ ಬಂದರು. ಅವರಿದ್ದದ್ದು ದಕ್ಷಿಣಕ್ಕೆ, ಒಟಾಗೋ ಕಡೆ. ಎಲ್ಲ ಸರಿಯಾಗಿ ಕೆಲಸ ಮಾಡುತ್ತಿರಬೇಕು ಎಂಬುದೊಂದೇ ಅವರ ಮಾತು. ನಾನು ಆಗಲಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅತ್ತೆಯೇ ತೀರ್ಮಾನಿಸಿದರು.

“ನಾವ ಒಯ್ದು ಕೊಟ್ಟ ಬರೋಣು. ದಾರ್‍ಯಾಗ ಒಂದ್ನಾಕ ದಿನ ಎಲ್ಲೆರೆ ನಿಂತು ಸಣ್ಣಪುಟ್ಟ ದುರಸ್ತಿ ಮಾಡೋಣು. ಅವ ನನ್ನ ಕರಕೊಂಡ ಹೋಗಬೇಕಂತ ಮಾಡಿದ್ದ. ನೀ ಕರಕೊಂಡ ಹೋಗು.”

ಹೀಗೆ, ಹಿಂದೆ ತೆರೆದ ತೊಟ್ಟಿಯಿದ್ದ ಅವನ ಯೂಟ್ ಗಾಡಿಗೆ ಕ್ಯಾರವಾನ್ ಕಟ್ಟಿಕೊಂಡು ಇಬ್ಬರೂ ಹೊರಟೆವು. ಶರತ್ಕಾಲ. ಘಟ್ಟ ದಾಟಿ ಮೆಕೆಂಜಿ ಬಯಲಿಗೆ ಇಳಿದಾಗ ಪಾಪ್ಲರ್ ಮರಗಳೆಲ್ಲ ಹಳದಿಯಾಗಿ ನಿಂತಿದ್ದವು. ಸರೋವರದ ದಡದ ಕ್ಯಾಂಪಿಗೆ ಬಂದರೆ ಅಲ್ಲಿ ಹೆಚ್ಚು ಕಡಿಮೆ ನಾವೇ. ಕ್ಯಾಂಪು ನೋಡಿಕೊಳ್ಳುವ ವಯಸ್ಸಾದ ಹೆಂಗಸೊಬ್ಬರು ನಾಯಿಯ ಜೊತೆ ಬಂದು ಜಾಗ ತೋರಿಸಿ, ಈ ವಾರವೆಲ್ಲ ಮಂಜು ಕವಿಯುತ್ತದೆ, ಬೆಟ್ಟ ಕಾಣುವುದು ಅನುಮಾನ ಎಂದು ಹೇಳಿ ಹೋದರು.

ಹೇಳಿದ ಹಾಗೆಯೇ ಆಯಿತು. ಮಧ್ಯಾಹ್ನಕ್ಕೆಲ್ಲ ನೀರಿನ ಮೇಲಿಂದ ಮಂಜು ನಡೆದು ಬಂದು ನಮ್ಮ ಕಿಟಕಿಗಳಿಗೆ ಅಂಟಿಕೊಂಡಿತು. ಗಾಳಿಯಿಲ್ಲ. ಹಕ್ಕಿಯ ಸದ್ದಿಲ್ಲ. ಹತ್ತು ಹೆಜ್ಜೆ ಆಚೆಗಿದ್ದ ಯೂಟ್ ಕೂಡ ಇದೆಯೋ ಇಲ್ಲವೋ ಅನ್ನಿಸುವಂಥ ಬಿಳುಪು. ಆ ಬಿಳುಪಿನೊಳಗೆ ಕೂತಿದ್ದಾಗ, ನಲ್ಲಿ ತಿರುಗಿಸಿದರೆ ಮಾತ್ರ ಓಡುವ ನೀರಿನ ಪಂಪು ಸಿಂಕಿನ ಕೆಳಗಿನಿಂದ ‘ಡುರ್ರ್’ ಎಂದಿತು. ಕೈ ತೊಳೆದುಕೊಳ್ಳುವಷ್ಟು ಹೊತ್ತು ಓಡಿ ನಿಂತಿತು.

ನಲ್ಲಿಯನ್ನು ಯಾರೂ ಮುಟ್ಟಿರಲಿಲ್ಲ.

“ಯಾರು?” ಎಂದು ಕೇಳಿಬಿಟ್ಟೆ. ಕ್ಯಾರವಾನಿನೊಳಗೆ ಕಾಲಿಟ್ಟೊಡನೆ ಅವನು ಮೊದಲು ಮಾಡುತ್ತಿದ್ದದ್ದೇ ಕೈ ತೊಳೆಯುವುದು. ಅಷ್ಟೇ ಹೊತ್ತು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಎದ್ದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುದಿನದಿಂದ ಅವರು ಆ ಕ್ಯಾರವಾನನ್ನು ರೋಗಿಯ ಹಾಗೆ ನೋಡತೊಡಗಿದರು. ಮೊದಲು ದೀಪ. ಹೀಟರಿನ ಫ್ಯಾನ್ ಶುರುವಾದಾಗ ಮಾತ್ರ ಅದು ಸೊರಗುತ್ತದೆ ಎಂಬುದನ್ನು ನನ್ನಿಂದಲೇ ಹೇಳಿಸಿದರು. ಸೀಟಿನ ಹಲಗೆ ಎತ್ತಿಸಿ, ಬ್ಯಾಟರಿ ತೋರಿಸು ಎಂದರು. ಅದರ ತುದಿಯೊಂದರ ಮೇಲೆ ಹಸಿರು ಬಿಳುಪಿನ ಪುಡಿ ಹೂವಿನ ಹಾಗೆ ಅರಳಿತ್ತು, ತಂತಿ ಕೈಯಲ್ಲಿ ಅಲ್ಲಾಡುತ್ತಿತ್ತು. ತಂತಿಗಳನ್ನು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು. ಒರೆಸಿ ಬಿಗಿ ಮಾಡಿದ ಮೇಲೆ ದೀಪ ಒಂದೇ ಸಮನೆ ಉರಿಯಿತು. ಯಾವ ಉಸಿರೂ ಇಲ್ಲ. ನನಗೆ ಖುಷಿಯಾಗಲಿಲ್ಲ. ಯಾರನ್ನೋ ಮನೆಯಿಂದ ಕಳಿಸಿದಂತಾಯಿತು.

ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಅವರು ನೆಲದ ಮೇಲೊಂದು ನಿಂಬೆಹಣ್ಣು ಇಟ್ಟರು. ಅದು ನಿಧಾನವಾಗಿ ಉರುಳಿ ಬಾಗಿಲಿಗೆ ಹೋಗಿ ತಾಗಿತು. “ನೋಡು, ನಾವ ಓರೆ ನಿಂತೇವಿ,” ಎಂದರು. ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಸಮ ಮಾಡಿದೆವು. ಬಾಗಿಲು ಸುಮ್ಮನಾಯಿತು.

ಯಾರೋ ಮೆಟ್ಟಿಲು ಹತ್ತಿದ ಹಾಗೆ ಕ್ಯಾರವಾನು ಆಗಾಗ ಬಾಗಿಲ ಕಡೆಗೆ ಚೂರು ಬಗ್ಗಿ ಏಳುತ್ತಿತ್ತು. ಅದಕ್ಕೂ ಅವರು ಕಾರಣ ಹುಡುಕಿದರು. ಅಲುಗದಿರಲೆಂದು ನಾಲ್ಕು ಮೂಲೆಗೆ ಇಳಿಸಿದ್ದ ಊರುಗಾಲುಗಳಲ್ಲಿ ಒಂದು ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗಿತ್ತು. ಕ್ಯಾಂಪಿನ ಹೆಂಗಸಿನ ಹತ್ತಿರ ಹೋಗಿ ತಮ್ಮ ಆಸ್ಪತ್ರೆ ಇಂಗ್ಲಿಷಿನಲ್ಲಿ, “ಮೇಡಂ, ಲೆಗ್ ಈಸ್ ಗೋಯಿಂಗ್ ಇನ್‌ಸೈಡ್. ಪ್ಲೀಸ್ ಗಿವ್ ಪ್ಲ್ಯಾಂಕ್” ಎಂದು ಹಲಗೆ ಕೇಳಿ ತಂದರು. ಆ ಹೆಂಗಸು ಹಲಗೆಯ ಜೊತೆ ಒಂದು ಬಾಟಲಿ ಏಪ್ರಿಕಾಟ್ ಜ್ಯಾಮನ್ನೂ ಕೊಟ್ಟು ಕಳಿಸಿದರು. ಅತ್ತೆ ಬದಲಿಗೆ ಶೇಂಗಾ ಚಟ್ನಿಪುಡಿ ಕೊಟ್ಟು ಬಂದರು. ಹಲಗೆ ಕೊಟ್ಟ ಮೇಲೆ ಕ್ಯಾರವಾನು ಬಗ್ಗುವುದು ನಿಂತಿತು.

ಗೋಡೆಯ ಕಲೆ ಮಾತ್ರ ನನಗೆ ಕಷ್ಟವಾಯಿತು. ಅವರು ಹೊರಗಿನಿಂದ ಕಿಟಕಿಯ ಚೌಕಟ್ಟಿನ ಗುಂಟ ಮಗ್ಗಿನಲ್ಲಿ ನೀರು ಹನಿಸುತ್ತ ಬಂದರು. ನಾನು ಒಳಗೆ ಟಿಶ್ಯೂ ಕಾಗದ ಒತ್ತಿ ಹಿಡಿದು ನಿಂತಿದ್ದೆ. ಮೇಲಿನ ಮೂಲೆಗೆ ಬಂದಾಗ ಕಾಗದ ಒದ್ದೆಯಾಯಿತು. ನಾನು ಹೇಳಲಿಲ್ಲ.

“ಬಂತೇನು?” ಹೊರಗಿನಿಂದ ಕೇಳಿದರು. ಮಂಜಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ಗಾಜಿನ ಮೇಲೆ ಬಿಳಿಯ ಬೆರಳುಗಳಷ್ಟೇ.

“ಇಲ್ಲ ಅತ್ತೆ.”

ಆ ಬೆರಳುಗಳು ಗಾಜಿನ ಮೇಲಿಂದ ಸರಿಯಲಿಲ್ಲ. ಆಮೇಲೆ, “ಹೇಳವಾ. ನನಗೂ ಅವ ಮಗ ಇದ್ದ” ಎಂದರು.

“ಬಂತು,” ಎಂದೆ.

ಒಡೆದ ರಬ್ಬರನ್ನು ಕಿತ್ತು, ಒಣಗಲು ಬಿಟ್ಟು, ಸಂದು ಮುಚ್ಚಲೆಂದು ಅವನೇ ತಂದಿಟ್ಟಿದ್ದ ಸೀಲಂಟ್ ತುಂಬಿದೆವು. ಹೀಟರಿನ ಶಾಖಕ್ಕೆ ಕಲೆ ಅಂಚಿನಿಂದ ಒಣಗುತ್ತ ಬಂತು. ಮೊದಲು ಹೆಗಲು ಹೋಯಿತು, ಆಮೇಲೆ ತಲೆ. ಕೊನೆಗೆ ಉಳಿದದ್ದು ಕಂದು ಬಣ್ಣದ ತೆಳ್ಳನೆಯ ಗೆರೆ. ನಾನು ಅದರ ಎದುರು ಕೂತು ಅತ್ತುಬಿಟ್ಟೆ. ಅವನು ಸತ್ತ ಮೇಲೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು. ಅತ್ತೆ ಸಮಾಧಾನ ಮಾಡಲು ಬರಲಿಲ್ಲ. ಉಪ್ಪಿಟ್ಟು ಮಾಡಿ, ತಟ್ಟೆ ಮುಂದಿಟ್ಟು, ನಾನು ಉಂಡು ಮುಗಿಸುವವರೆಗೆ ಎದುರಿಗೆ ಕೂತರು.

ಆದರೆ ಪಂಪು ನಿಲ್ಲಲಿಲ್ಲ. ಬೆಳಗ್ಗೆ ಚಹಾ ಕುಡಿಯುವಾಗ ‘ಡುರ್ರ್’. ಸಂಜೆ ಕಿಟಕಿಯಾಚೆ ಬೆಳಕು ಬೂದಿಯಾಗುವಾಗ ಮತ್ತೆ ‘ಡುರ್ರ್’. ಇದೊಂದಕ್ಕೆ ಅತ್ತೆ ಹೆಚ್ಚು ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. “ಪೈಪಿನ್ಯಾಗ ಗಾಳಿ ಇರಬೇಕು, ಹೋಗತೈತಿ ಬಿಡು” ಅನ್ನುತ್ತಿದ್ದರು. ಉಳಿದದ್ದಕ್ಕೆಲ್ಲ ಬೆನ್ನು ಹತ್ತಿ ಕಾರಣ ಹುಡುಕಿದವರು ಇದನ್ನು ಹೀಗೆ ಬಿಟ್ಟದ್ದು ನನ್ನನ್ನು ಹೆದರಿಸಿತು. ಅವರಿಗೂ ಕಾರಣ ಸಿಗದ ಒಂದು ಇದೆ ಎಂದುಕೊಂಡೆ. ಸದ್ದಾದಾಗಲೆಲ್ಲ ಅವರು ಕೆಲಸ ನಿಲ್ಲಿಸಿ ತಲೆ ಓರೆ ಮಾಡಿ ಕೇಳುತ್ತಿದ್ದರು.

ಹೊರಡುವ ಹಿಂದಿನ ಬೆಳಗ್ಗೆ ಅವರು ಬಟ್ಟೆ ಒಗೆಯಲು ಕ್ಯಾಂಪಿನ ಕೊಠಡಿಗೆ ಹೋಗಿದ್ದರು. ಕೊಂಡುಕೊಳ್ಳುವವರಿಗೆ ಕ್ಯಾರವಾನನ್ನು ಹೀಗೇ ಕೊಡುವುದು ಹೇಗೆಂದು ನಾನೇ ಸಿಂಕಿನ ಕೆಳಗಿನ ಬಾಗಿಲು ತೆರೆದೆ. ಟಾರ್ಚು ಬಿಟ್ಟು ನೋಡಿದರೆ, ಪೈಪುಗಳ ಹಿಂದೆ, ಕತ್ತಲಲ್ಲಿ, ಏನೋ ಹೊಳೆಯಿತು. ಗದಗಿನಿಂದ ಅತ್ತೆ ತಂದಿದ್ದ ಸ್ಟೀಲಿನ ತಂಬಿಗೆ. ಎಲ್ಲಿ ಹೋಯಿತೋ ಎಂದು ನಾನು ಎರಡು ದಿನದಿಂದ ಹುಡುಕುತ್ತಿದ್ದೆ. ಅದರಲ್ಲಿ ಅರ್ಧ ನೀರಿತ್ತು. ಮೇಲಿನ ಪೈಪಿನ ಕ್ಲಿಪ್ಪಿನಿಂದ ಒಂದು ಹನಿ ದಪ್ಪಗಾಗಿ ಅದರೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹನಿ ಸೋರಿದಂತೆ ಪೈಪಿನ ಒತ್ತಡ ಇಳಿಯುತ್ತದೆ. ಯಾರೋ ನಲ್ಲಿ ತಿರುಗಿಸಿದರೆಂದು ತಿಳಿದು ಪಂಪು ಓಡುತ್ತದೆ. ಅಷ್ಟೇ.

ಕ್ಲಿಪ್ಪಿನ ತಿರುಪಿನ ಮೇಲೆ ಸ್ಕ್ರೂಡ್ರೈವರ್ ಹೊಸದಾಗಿ ಆಡಿದ ಹೊಳಪಿತ್ತು.

ತಿರುಗಿದರೆ ಬಾಗಿಲಲ್ಲಿ ಅತ್ತೆ, ತೋಳಿನ ಮೇಲೆ ಒದ್ದೆ ಬಟ್ಟೆ. ಅವರು ಏನನ್ನೂ ಮುಚ್ಚಿಡಲು ನೋಡಲಿಲ್ಲ. ಬಟ್ಟೆಯನ್ನು ಬದಿಗಿಟ್ಟು ಸೀಟಿನ ಮೇಲೆ ಕೂತರು.

“ಮೊದಲನೇ ದಿನಾನ ಸಿಕ್ಕಿತ್ತವಾ. ನೀ ನೀರು ತರಾಕ ಹೋದಾಗ ಬಿಗಿ ಮಾಡಿದೆ. ಸದ್ದ ನಿಂತ ಹೋತು.”

“ಮತ್ತೆ ಯಾಕೆ ಅತ್ತೆ?”

“ಸಂಜೀತನಾ ಕುಂತೆ. ನೀ ಮಲಗಿದ್ದಿ. ಹೊರಗ ಇಷ್ಟ ದೊಡ್ಡ ನೀರು, ಇಷ್ಟ ದೊಡ್ಡ ಗುಡ್ಡ, ಒಂದೂ ಮಾತಾಡಂಗಿಲ್ಲ. ತಮ್ಮಾ ಅಂತ ಕರದೆ.” ಮಗನನ್ನು ಅವರು ಕರೆಯುತ್ತಿದ್ದದ್ದು ಹಾಗೆಯೇ, ತಮ್ಮಾ ಎಂದು. “ಒಮ್ಮೆ ಜೋರಾಗೇ ಕರದೆ. ಏನೂ ಇಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ. ಮತ್ತ ಸಡಿಲ ಮಾಡಿದೆ.”

ನನಗೆ ಮೈ ಜುಮ್ಮೆಂದಿತು. ದೆವ್ವದ ಭಯವಲ್ಲ ಅದು. ಮಂಜಿನಲ್ಲಿ ಮುಳುಗಿದ ಆ ಸಣ್ಣ ಡಬ್ಬಿಯೊಳಗೆ ಇಬ್ಬರು ಹೆಂಗಸರು, ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರು, ಅದೇ ಸದ್ದಿಗೆ ಕಿವಿಗೊಟ್ಟು ಕೂತಿದ್ದೆವಲ್ಲ ಎಂಬುದಕ್ಕೆ.

“ಇರ್ಲಿ ಬಿಡಿ ಅತ್ತೆ. ಹಾಗೇ ಇರ್ಲಿ. ಇದನ್ನ ಮಾರೋದೇ ಬೇಡ,” ಎಂದೆ.

ಅವರು ಹೂಂ ಅಂದಿದ್ದರೆ ನಾವು ಆ ಕ್ಯಾರವಾನನ್ನು ತಿರುಗಿಸಿಕೊಂಡು ಹಾರ್ನ್‌ಬಿಗೆ ಬಂದುಬಿಡುತ್ತಿದ್ದೆವು. ಅಂಗಳದಲ್ಲಿ ಅದು, ಅದರೊಳಗೆ ನಾನು. ಇವತ್ತಿಗೂ ಅಲ್ಲೇ ಇರುತ್ತಿದ್ದೆನೇನೋ.

“ಬ್ಯಾಡ,” ಎಂದರು ಕೊನೆಗೆ. “ಕೊಂಡವರ ಮನಿಗೆ ನಮ್ಮ ದುಃಖ ಕಳಸಬಾರದು. ನಮ್ಮ ಮನ್ಯಾಗೂ ಇಟಗೊಂಡ ಕೂಡಬಾರದು.” ಸೀರೆಯ ನೆರಿಗೆಯ ನಡುವಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. “ನೀ ಬಿಗಿ ಮಾಡು. ನನ್ನ ಕೈಲೆ ಎರಡನೇ ಸಲ ಆಗಂಗಿಲ್ಲ.”

ನಾನು ಬಿಗಿ ಮಾಡಿದೆ. ತಂಬಿಗೆಯ ನೀರನ್ನು ಅವರು ಹೊರಗೆ ಒಯ್ದು ಪಾಪ್ಲರ್ ಮರದ ಬುಡಕ್ಕೆ ಹೊಯ್ದು ಬಂದರು.

ಆ ಮಧ್ಯಾಹ್ನ ನಡೆದದ್ದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮಂಜು ಇನ್ನೂ ದಟ್ಟವಾಗಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ. ಇಬ್ಬರೂ ಮೇಜಿನ ಆಚೀಚೆ ಕೂತು ಚಹಾ ಕುಡಿಯುತ್ತಿದ್ದೆವು. ಆಗ ಕ್ಯಾರವಾನು ಬಾಗಿಲ ಕಡೆಗೆ ಬಗ್ಗಿತು. ಮೆಲ್ಲಗೆ, ಭಾರವಾದವರೊಬ್ಬರು ಮೆಟ್ಟಿಲ ಮೇಲೆ ಕಾಲಿಟ್ಟು, ಮೈಭಾರ ಹಾಕಿ, ಒಳಗೆ ಬಂದ ಹಾಗೆ. ಲೋಟದಲ್ಲಿ ಚಹಾ ಓರೆಯಾಯಿತು. ಮತ್ತೆ ಸಮವಾಯಿತು. ಬಾಗಿಲು ಮುಚ್ಚಿಯೇ ಇತ್ತು.

ಅತ್ತೆ ಲೋಟ ಕೆಳಗಿಟ್ಟು ಹೊರಗೆ ಹೋದರು. ಮಂಜಿನೊಳಗೆ ಅವರ ನೆರಳು ನಾಲ್ಕೂ ಊರುಗಾಲುಗಳ ಹತ್ತಿರ ಬಗ್ಗುವುದು ಒಂದೊಂದು ಕಿಟಕಿಯಿಂದ ಕಾಣುತ್ತಿತ್ತು. ಹಲಗೆಗಳನ್ನು ಕಾಲಿಂದ ಒತ್ತಿ ನೋಡಿದರು. ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಕೊಂಡಿಯ ಹತ್ತಿರ ಹೋಗಿ ನಿಂತು, ನೆಲವನ್ನು ಬೆರಳ ಬೆನ್ನಿನಿಂದ ಮುಟ್ಟಿ, ಬಹಳ ಹೊತ್ತಿನ ಮೇಲೆ ಒಳಗೆ ಬಂದರು. ಕೂದಲ ಮೇಲೆಲ್ಲ ಮಂಜಿನ ಹನಿ.

“ಕಾಲು ಕುಸಿದಿತ್ತಾ ಅತ್ತೆ?”

“ಇಲ್ಲ.”

“ಗಾಳಿ?”

“ಗಾಳಿ ಎಲ್ಲೈತಿ?” ಸೆರಗಿನಿಂದ ತಲೆ ಒರೆಸಿಕೊಂಡರು. “ನನಗ ಕಾರಣ ಸಿಗಲಿಲ್ಲವಾ.”

ಹೆದರಿದಂತೆ ಕಾಣಲಿಲ್ಲ. ಹುಡುಕುವಷ್ಟು ಹುಡುಕಿ ಆದವರ ದಣಿವಿತ್ತು ಆ ದನಿಯಲ್ಲಿ. ಮೊದಲು ಕೂತಿದ್ದ ಜಾಗದಲ್ಲೇ ಕೂತರು. ಆಮೇಲೆ ಸೀರೆ ಸರಿಮಾಡಿಕೊಂಡು ಕಿಟಕಿಯ ಕಡೆಗೆ ಒಂದು ಗೇಣು ಸರಿದರು, ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವ ಹಾಗೆ. ಚಹಾ ಮುಗಿಯುವವರೆಗೆ ಹಾಗೆಯೇ ಕೂತಿದ್ದರು. ನಾನು ಆ ಖಾಲಿ ಜಾಗದ ಕಡೆ ನೋಡಲಿಲ್ಲ. ನೋಡಬೇಕು ಎಂದು ಅನ್ನಿಸಲೂ ಇಲ್ಲ. ಅದು ಅವರಿಬ್ಬರದು ಎಂದು ಸುಮ್ಮನಿದ್ದೆ.

ಮರುದಿನ ಮಂಜು ಹರಿದು ಬೆಟ್ಟ ಕಾಣಿಸಿತು. ಅತ್ತೆ ಗಾಡಿ ನಿಲ್ಲಿಸಲು ಹೇಳಿ, ರಸ್ತೆಬದಿಯಲ್ಲಿ ಚಪ್ಪಲಿ ಬಿಟ್ಟು ನಿಂತು ಕೈ ಮುಗಿದರು. ಕ್ಯಾರವಾನನ್ನು ಆ ದಂಪತಿಗಳಿಗೆ ಒಪ್ಪಿಸಿದೆವು. ಅವರು ನಲ್ಲಿ ತಿರುಗಿಸಿ, ದೀಪ ಹಾಕಿ, ಎಲ್ಲ ನೋಡಿ, ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಬರುವಾಗ ಯೂಟ್ ಹಗುರಾಗಿ ಓಡಿತು. ಅತ್ತೆ ದಾರಿಯುದ್ದಕ್ಕೂ ಅವನ ಚಿಕ್ಕಂದಿನ ತಂಟೆಗಳನ್ನು ಹೇಳಿದರು. ಇಬ್ಬರೂ ನಕ್ಕೆವು. ಆ ರಾತ್ರಿ ನಾನು ಮಗುವಿನ ಹಾಗೆ ಮಲಗಿದೆನಂತೆ, ಅವರೇ ಹೇಳಿದ್ದು.

ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಉಂಡೆಯಾ, ಕೆಲಸ ಹೇಗಿದೆ, ಅಲ್ಲಿ ಚಳಿ ಎಷ್ಟು. ನಾನು ಮತ್ತೆ ಓದಲು ಸೇರಿದ್ದು, ಬಾಡಿಗೆ ಮನೆ ಬಿಟ್ಟು ನನ್ನದೇ ಒಂದು ಸಣ್ಣ ಮನೆ ಮಾಡಿಕೊಂಡದ್ದು, ಎಲ್ಲದರ ಹಿಂದೆಯೂ ಆ ಭಾನುವಾರದ ಫೋನುಗಳಿವೆ. ಆಮೇಲೊಂದು ವಾರ ಫೋನು ಬರಲಿಲ್ಲ. ನನ್ನ ನಾದಿನಿ ಹುಬ್ಬಳ್ಳಿಯಿಂದ ಕರೆ ಮಾಡಿ, ಅವ್ವಗ ಆರಾಮಿಲ್ಲ, ಲಗೂನ ಬಾ ಎಂದಳು. ನಾನು ವಿಮಾನದಲ್ಲಿದ್ದಾಗಲೇ ಅವರು ಹೋಗಿಬಿಟ್ಟಿದ್ದರು. ಮಣ್ಣು ಮಾಡಲು ಮನೆಯವರು ನನಗಾಗಿ ಕಾದಿದ್ದರು.

ಊರಿನ ಹೊರಗೆ, ಅವರ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ನಮ್ಮವರ ಪದ್ಧತಿಯಂತೆ ಅತ್ತೆಯನ್ನು ಅದರೊಳಗೆ ಕುಳ್ಳಿರಿಸಿ, ವಿಭೂತಿ, ಪತ್ರಿ ಎಲ್ಲ ಆದಮೇಲೆ, ಕಾರ್ಯ ಮಾಡಿಸುತ್ತಿದ್ದ ಅಯ್ಯನವರು ತಲೆಯೆತ್ತಿ ಸುತ್ತಲಿನವರನ್ನು ನೋಡಿದರು.

“ಮಗನ ಪಾಲಿನ ಮಣ್ಣ ಯಾರ ಹಾಕ್ತೀರಿ? ಮಗನ ಕಡಿಂದ ಯಾರರೆ ಅದೀರೇನು?”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣತಮ್ಮಂದಿರ ಮಕ್ಕಳಲ್ಲಿ ಯಾರೋ ಒಬ್ಬರನ್ನು ಮುಂದೆ ತಳ್ಳುತ್ತಿದ್ದರು. ನಾನು ಹೆಂಗಸರ ಗುಂಪಿನಿಂದ ಹೊರಗೆ ಬಂದೆ.

“ನಾನಿದ್ದೀನಿ,” ಎಂದೆ.

ಯಾರೂ ಬೇಡವೆನ್ನಲಿಲ್ಲ. ದಾರಿ ಬಿಟ್ಟರು. ಕರೀ ಮಣ್ಣು, ಬಿಸಿಲಿಗೆ ಬೆಚ್ಚಗಿತ್ತು. ಮೊದಲ ಹಿಡಿಯನ್ನು ಅವನ ಹೆಸರು ಹೇಳಿ ಹಾಕಿದೆ. ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡು, ಅದನ್ನು ನನ್ನದೆಂದು ಹಾಕಿದೆ.